ಮುಚ್ಚಳ ನೋಡಿ ಪಾಠ ಹೇಳಿದ ಮೇಷ್ಟ್ರು

ಮೇಷ್ಟ್ರು ತಮ್ಮ ಇಡೀ ಸರ್ವಿಸಿನಲ್ಲಿ ಒಂದೇ ಒಂದು ಕಪ್ಪೆಯನ್ನು ಕೈಯಿಂದ ಮುಟ್ಟಲಿಲ್ಲ. ಪಾಠ ಹೇಳುತ್ತಿದ್ದದ್ದು ಮಾತ್ರ ಪ್ರಾಣಿಶಾಸ್ತ್ರ. ಆಗಿನ್ನೂ ಕಾಲೇಜಿನಲ್ಲಿ ಕಪ್ಪೆ ಕೊಯ್ಯುವುದನ್ನು ನಿಲ್ಲಿಸಿರಲಿಲ್ಲ. ಗದ್ದೆಬದಿಯಿಂದ ಕಪ್ಪೆ ಹಿಡಿದು ತರುವವಳು ನಾನು, ಹಲಗೆಯ ಮೇಲೆ ಅಂಗಾತ ಮಲಗಿಸಿ ಗುಂಡುಸೂಜಿ ಚುಚ್ಚುವವಳು ನಾನು, ಮಕ್ಕಳು ಕೊಯ್ದು ಮುಗಿಸಿದ ಮೇಲೆ ಬಾಚಿಕೊಂಡು ಹೋಗಿ ಗುಂಡಿಗೆ ಹಾಕುವವಳೂ ನಾನೇ. ಅವರು ಎರಡು ಮಾರು ದೂರ ನಿಂತು ಪೆನ್ನಿನ ಕ್ಯಾಪಿನಿಂದ ತೋರಿಸುತ್ತಿದ್ದರು. "ಅದು ಯಕೃತ್ತು. ಬರ್ಕೊಳ್ಳಿ, ಐದು ಪಾಯಿಂಟು." ಕ್ಯಾಪು ಒಂದು ಸಲ ಕಪ್ಪೆಯ ಕಡೆಗಿದ್ದರೆ ಇನ್ನೊಂದು ಸಲ ಮೇಜಿನ ಕಾಲಿನ ಕಡೆಗಿರುತ್ತಿತ್ತು. ಮಕ್ಕಳೂ ಕಪ್ಪೆಯನ್ನು ನೋಡುತ್ತಿರಲಿಲ್ಲ, ಬರೆದುಕೊಳ್ಳುತ್ತಿದ್ದರು.

ಅವರ ನೀರಿನ ಬಾಟಲಿಯನ್ನು ನಾನು ಮುಟ್ಟುವಂತಿರಲಿಲ್ಲ, ನಾನು ಹಿಡಿದು ತಂದ ಪ್ರಾಣಿಯನ್ನು ಅವರು ಮುಟ್ಟುತ್ತಿರಲಿಲ್ಲ. ಹೀಗೆ ನಾವಿಬ್ಬರೂ ಒಂದೇ ರೂಮಿನಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದೆವು.

ಹೋದ ತಿಂಗಳು ಅವರು ನಂಜನಗೂಡಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳೆಲ್ಲ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡು ಅಳುತ್ತಿದ್ದಾರೆ. ಮೊಮ್ಮಗಳು ಓದಿ ಹೇಳಿದಳು. ಒಬ್ಬ ಜ್ಞಾನದ ಸಾಗರ ಎಂದು ಹಾಕಿದ್ದಾನೆ, ಇನ್ನೊಬ್ಬಳು ನನ್ನ ಪಾಲಿನ ದೇವರು ಎಂದು ಹಾಕಿ ಕೈಮುಗಿಯುವ ಚಿತ್ರ ಇಟ್ಟಿದ್ದಾಳೆ. ಅವರ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. ಅದರ ಕೆಲಸ ವಹಿಸಿಕೊಂಡ ಹುಡುಗ ನನಗೂ ಫೋನು ಮಾಡಿದ್ದ.

"ಅಜ್ಜಿ, ಸಾರ್ ಜೊತೆ ನಿಮ್ಮಷ್ಟು ವರ್ಷ ಯಾರೂ ಇರ್ನಿಲ್ಲ. ನಾಲ್ಕು ಒಳ್ಳೆ ಮಾತು ಬರ್ಕೊಡಿ."

"ನಾಕು ಸಿಕ್ಕಾಕಿಲ್ಲ ಕನಪ್ಪ. ಒಂದೋ ಎಲ್ಡೋ ಸಿಕ್ಕೀತು."

ಹುಡುಗ ನಗಾಡಿದ. ನಾನು ತಮಾಷೆಗೆ ಹೇಳಿರಲಿಲ್ಲ. ಅಚ್ಚು ಹಾಕುತ್ತಾರೋ ಬಿಡುತ್ತಾರೋ ಅವರಿಗೆ ಬಿಟ್ಟದ್ದು. ಕೇಳಿದ್ದಾರೆ, ಬರೆಯುತ್ತಿದ್ದೇನೆ.

ನನ್ನ ಹುಟ್ಟೂರು ದೇವನೂರು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ. ಮದುವೆಯಾಗಿ ಬಂದದ್ದು ನರಸೀಪುರಕ್ಕೆ. ಗಂಡ ಹೋದ ಮೇಲೆ ಇಲ್ಲಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕಸ ಹೊಡೆಯಲು ಸೇರಿದೆ. ಲ್ಯಾಬಿನ ಅಟೆಂಡರು ಕೆಲಸ ಬಿಟ್ಟಾಗ ಪ್ರಿನ್ಸಿಪಾಲರು ಅದರ ಬೀಗದ ಕೈ ನನ್ನ ಕೈಗೆ ಕೊಟ್ಟರು. ಕೆಲಸ ಅಟೆಂಡರಿನದು, ಕೂಲಿ ದಿನದ್ದು. ಮೇಷ್ಟ್ರು ದಿನಾ ನಂಜನಗೂಡಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಂದವರೇ ಕುರ್ಚಿಯ ಮೇಲೆ ಕರ್ಚೀಫು ಹಾಸಿ ಕೂರುವರು. ಭೂವಿಜ್ಞಾನಕ್ಕೆ ಮೇಷ್ಟ್ರು ಸಿಗದೆ ಆ ಪಾಠವನ್ನೂ ಇವರಿಗೇ ಕೊಟ್ಟಿದ್ದರು. ಯಾವ ಪಾಠ ಕೊಟ್ಟರೂ ಅವರಿಗೆ ಕಷ್ಟವಿರಲಿಲ್ಲ. ಅವರ ಹತ್ತಿರ ನೀಲಿ ರಟ್ಟಿನ ಪುಸ್ತಕವಿತ್ತಲ್ಲ.

ಆ ಪುಸ್ತಕವನ್ನು ಅವರೇ ಬರೆದದ್ದು. ಒಂದು ಮಗ್ಗುಲಲ್ಲಿ ಪ್ರಾಣಿಶಾಸ್ತ್ರದ ಪ್ರಶ್ನೋತ್ತರ, ತಿರುಗಿಸಿ ಹಿಡಿದರೆ ಭೂವಿಜ್ಞಾನದ್ದು. ಎರೆಹುಳುವಿನ ಉಪಯೋಗ ತಿಳಿಸಿ, ಐದು ಪಾಯಿಂಟು. ನದಿಯ ಕೆಲಸ ವಿವರಿಸಿ, ಎಂಟು ಪಾಯಿಂಟು. ಮಕ್ಕಳು ಜೆರಾಕ್ಸ್ ಮಾಡಿಸಿಕೊಂಡು ಉರು ಹೊಡೆಯುತ್ತಿದ್ದರು. ನೆಲ ಒರೆಸುತ್ತ ಒರೆಸುತ್ತ ಕೇಳಿ ನನಗೇ ಅರ್ಧ ಪುಸ್ತಕ ಬಾಯಿಗೆ ಬಂದಿತ್ತು. ಒಂದು ವರ್ಷ ಜೆರಾಕ್ಸಿನವನು ಹಾಳೆಯನ್ನು ವಾರೆ ಇಟ್ಟ. ಮಣ್ಣಿನ ಸವಕಳಿಯ ಉತ್ತರದ ಕೊನೆಯ ಸಾಲು ಕತ್ತರಿಸಿ ಹೋಗಿ "ಆದ್ದರಿಂದ" ಎಂಬಲ್ಲಿಗೆ ನಿಂತಿತು. ಮೂರು ಬ್ಯಾಚಿನ ಮಕ್ಕಳು ಪರೀಕ್ಷೆಯಲ್ಲಿ "ಆದ್ದರಿಂದ" ಎಂದು ಬರೆದು, ಅಲ್ಲಿಗೇ ನಿಲ್ಲಿಸಿ, ಪೇಪರು ಕೊಟ್ಟು ಎದ್ದು ಬಂದರು. ಒಬ್ಬರಿಗೂ ಆದ್ದರಿಂದ ಏನಾಯಿತು ಎಂದು ಕೇಳಬೇಕು ಅನ್ನಿಸಲಿಲ್ಲ. ಮೇಷ್ಟ್ರೂ ನೋಡಲಿಲ್ಲ. ಕೊನೆಗೆ ಕ್ಲಾಸಿನಲ್ಲಿ ಯಾರೋ ಗಟ್ಟಿಯಾಗಿ ಓದುವಾಗ ಕಸಪೊರಕೆ ಹಿಡಿದುಕೊಂಡು ನಿಂತಿದ್ದ ನಾನೇ, "ಆದ್ದರಿಂದ ಏನಾಯ್ತು ಸಾ?" ಎಂದು ಕೇಳಿದೆ. ಮಕ್ಕಳು ಗೊಳ್ಳೆಂದರು. ಮೇಷ್ಟ್ರು ಒಂದು ನಿಮಿಷ ಹಾಳೆ ನೋಡಿ, "ನೀನು ಆ ಕಿಟಕಿ ಒರೆಸಿದ್ಯಾ?" ಎಂದರು.

ಮಕ್ಕಳ ಹೆಸರು ಅವರಿಗೆ ಗೊತ್ತಿರಲಿಲ್ಲ. ರಿಜಿಸ್ಟರ್ ನೋಡಿ ನಂಬರಿನಿಂದಲೇ ಕರೆಯುತ್ತಿದ್ದರು. "ಏಯ್ ಹದ್ನಾಲ್ಕು, ಎದ್ದೇಳು. ಇಪ್ಪತ್ತಾರು ಯಾಕೆ ಬಂದಿಲ್ಲ?" ಇಪ್ಪತ್ತಾರರ ಅಪ್ಪ ತೀರಿಕೊಂಡು ಮೂರು ದಿನವಾಗಿತ್ತು. "ಹಾಗಾದ್ರೆ ನೋಟ್ಸು ಹದ್ನಾಲ್ಕರ ಹತ್ರ ಈಸ್ಕೊಳ್ಳಲಿ" ಎಂದು ಪಾಠ ಮುಂದುವರಿಸಿದರು.

ನಂಜನಗೂಡಿನ ಕಡೆಯ ಒಬ್ಬ ಹುಡುಗನಿದ್ದ. ಅವರ ಮನೆಯಲ್ಲಿ ರಸಬಾಳೆ ಹಾಕಿದ್ದರು. ಗಿಡ ನಿಂತ ನಿಂತ ಹಾಗೇ ಹಳದಿಯಾಗಿ ಸೊರಗುತ್ತಿತ್ತು. ಆ ಹುಡುಗ ದಿಂಡನ್ನು ಅಡ್ಡ ಕೊಯ್ದು, ಪೇಪರಿನಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ಹೊತ್ತು ತಂದಿದ್ದ. ಒಳಗೆಲ್ಲ ಕಂದು ಚುಕ್ಕೆ ಬಿದ್ದಿತ್ತು.

"ಸಾ, ಇದು ಏನು ರೋಗ ಸಾ? ನಮ್ಮಪ್ಪ ಕೇಳ್ಕೊಂಡು ಬಾ ಅಂದ್ರು."

"ಯಾವ ಯೂನಿಟ್ಟು?"

"ಯೂನಿಟ್ಟು ಗೊತ್ತಿಲ್ಲ ಸಾ. ನಮ್ ತ್ವಾಟ."

"ನಿಮ್ಮ ತೋಟ ಪರೀಕ್ಷೆಗೆ ಬರೋದಿಲ್ಲ. ಆಚೆ ಎಸೆದು ಕೈ ತೊಳ್ಕೊಂಡು ಬಾ."

ಹುಡುಗ ಆ ದಿಂಡನ್ನು ಎಸೆಯಲಿಲ್ಲ. ಮತ್ತೆ ಪೇಪರಿನಲ್ಲಿ ಸುತ್ತಿ ಬೆಂಚಿನ ಕೆಳಗೆ ಇಟ್ಟುಕೊಂಡು, ಸಾಯಂಕಾಲ ವಾಪಸ್ ಹೊತ್ತುಕೊಂಡು ಹೋದ. ಮೇಷ್ಟ್ರು ಮಧ್ಯಾಹ್ನ ಊಟವಾದ ಮೇಲೆ ಎಂದಿನಂತೆ ಒಂದು ರಸಬಾಳೆ ಹಣ್ಣು ಸುಲಿದು ತಿಂದು, ಸಿಪ್ಪೆಯನ್ನು ನನ್ನ ಬುಟ್ಟಿಗೆ ಹಾಕಿದರು.

ಭೂವಿಜ್ಞಾನಕ್ಕೆ ವರ್ಷಕ್ಕೊಂದು ಸಲ ಹೊರಗೆ ಕರೆದುಕೊಂಡು ಹೋಗಿ ಕಲ್ಲುಮಣ್ಣು ತೋರಿಸಬೇಕು, ಅದಕ್ಕೆ ರಿಪೋರ್ಟು ಬರೆಯಬೇಕು. ಒಂದು ವರ್ಷ ಮುಡುಕುತೊರೆ ಬೆಟ್ಟಕ್ಕೆ ಹೊರಟೆವು. ಅನ್ನದ ಡಬರಿ ನೋಡಿಕೊಳ್ಳಲು ನಾನೂ ಹೋಗಿದ್ದೆ. ಬೆಟ್ಟದ ಬುಡದಲ್ಲಿ ವ್ಯಾನು ನಿಂತಿತು. ಮಕ್ಕಳು ಇಳಿಯಲು ಎದ್ದರು. "ಕೂತ್ಕೊಳ್ಳಿ ಕೂತ್ಕೊಳ್ಳಿ" ಎಂದರು ಮೇಷ್ಟ್ರು. ನೀಲಿ ಪುಸ್ತಕ ತೆಗೆದರು. "ಬರ್ಕೊಳ್ಳಿ. ನಾವು ಬೆಟ್ಟವನ್ನು ಹತ್ತಿ ಶಿಲೆಗಳನ್ನು ವೀಕ್ಷಿಸಿದೆವು." ಮೂವತ್ತು ಮಕ್ಕಳು ವ್ಯಾನಿನಲ್ಲಿ ಕೂತುಕೊಂಡು ಬೆಟ್ಟ ಹತ್ತಿದರು. ಹತ್ತಿ, ವೀಕ್ಷಿಸಿ, ಮೇಲಿನಿಂದ ಕಾವೇರಿ ಹೇಗೆ ತಿರುಗಿ ಹರಿಯುತ್ತಾಳೆ ಎಂಬುದನ್ನೂ ಬರೆದುಕೊಂಡು ಇಳಿದರು. ಅಷ್ಟು ಹೊತ್ತಿಗೆ ಚಿತ್ರಾನ್ನ ಆರಿಹೋಗಿತ್ತು.

ಒಳ್ಳೆಯ ಮಾತು ಎಂದರೆ ಇಷ್ಟು. ಅವರ ಅಕ್ಷರ ಚೆನ್ನಾಗಿತ್ತು. ಬೋರ್ಡಿನ ಮೇಲೆ ಬರೆದದ್ದನ್ನು ಅಳಿಸಲು ನನಗೇ ಮನಸ್ಸು ಬರುತ್ತಿರಲಿಲ್ಲ. ಇನ್ನೊಂದು, ಒಂದು ದಿನವೂ ರಜಾ ಹಾಕಲಿಲ್ಲ, ಹೊಳೆ ತುಂಬಿ ಬಸ್ಸು ಸುತ್ತಿಕೊಂಡು ಬರುವ ದಿನವೂ ಬೆಲ್ಲಿಗೆ ಮುಂಚೆ ಬಂದು ಕೂತಿರುತ್ತಿದ್ದರು. ಮಕ್ಕಳು ಪಾಸಾಗುತ್ತಿದ್ದರು, ಅದೂ ಸುಳ್ಳಲ್ಲ. ಪಾಸಾದವರು ಇವತ್ತು ಕಣ್ಣೀರು ಹಾಕುತ್ತಿದ್ದಾರೆ. ಹಾಕಲಿ.

ಈಗ ಬಾಟಲಿಗಳ ವಿಷಯಕ್ಕೆ ಬರುತ್ತೇನೆ. ಲ್ಯಾಬಿನ ಗೋಡೆಗೆ ಒಂದು ಕಪಾಟಿತ್ತು. ಅದರ ತುಂಬ ಔಷಧಿನೀರಿನಲ್ಲಿ ಮುಳುಗಿಸಿಟ್ಟ ಹುಳುಹುಪ್ಪಟೆ. ಯಾವ ಕಾಲದಲ್ಲೋ ಹಾಕಿದ್ದು, ಬಣ್ಣ ಹೋಗಿ ಎಲ್ಲ ಬೆಳ್ಳಗಾಗಿದ್ದವು. ಬಾಟಲಿಗಳೂ ಒಂದರ ಹಾಗೆ ಒಂದಿರಲಿಲ್ಲ. ಕೈಗೆ ಸಿಕ್ಕಿದ ಕಾಫಿಪುಡಿಯ ಬಾಟಲಿ, ಉಪ್ಪಿನಕಾಯಿಯ ಭರಣಿ, ಬಾಯಿ ಒಡೆದ ಗಾಜಿನ ಜಾಡಿ. ಲೇಬಲ್ಲುಗಳು ನೆನೆದು ಬಿದ್ದುಹೋಗಿ ವರ್ಷಗಳಾಗಿದ್ದವು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಇವುಗಳಲ್ಲಿ ಹತ್ತನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಮಕ್ಕಳು ಒಂದೊಂದರ ಮುಂದೆ ಎರಡು ನಿಮಿಷ ನಿಂತು, ಇದು ಯಾವ ಪ್ರಾಣಿ, ಗುರುತೇನು ಎಂದು ಬರೆಯಬೇಕು.

ಮೇಷ್ಟ್ರು ಇದನ್ನು ಹೇಗೆ ಕಲಿಸುತ್ತಿದ್ದರು ಗೊತ್ತೇ? "ಕೆಂಪು ಮುಚ್ಚಳ ಎರೆಹುಳು. ಹಸಿರು ಮುಚ್ಚಳ ಜಂತುಹುಳು. ಉಪ್ಪಿನಕಾಯಿ ಬಾಟ್ಲು ಜಿಗಣೆ. ಬಾಯಿ ಒಡೆದದ್ದು ಹಾವುಮೀನು." ಮಕ್ಕಳು ಅದನ್ನೇ ಉರು ಹೊಡೆಯುತ್ತಿದ್ದರು. ಗಾಜಿನ ಒಳಗೆ ಏನಿದೆ ಎಂದು ಕಣ್ಣು ಹಾಕುವ ಅಗತ್ಯವೇ ಇರಲಿಲ್ಲ.

ಒಂದು ವರ್ಷ ಈ ಮುಚ್ಚಳದ ಪಾಠ ಕೈಕೊಟ್ಟಿತು. ಆ ವರ್ಷ ನನ್ನ ಮೊಮ್ಮಗಳೂ ಅದೇ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎಸ್ಸಿ. ಓದುತ್ತಿದ್ದಳು. ಮಗಳ ಮಗಳು, ನಾನೇ ಸಾಕಿದ್ದು. ಚಿಕ್ಕಂದಿನಿಂದ ನನ್ನ ಹಿಂದೆಯೇ ಗದ್ದೆಬದಿ ಸುತ್ತಿ ಕಪ್ಪೆ, ಜಿಗಣೆ ಹಿಡಿದವಳು. ಇನ್ನೊಂದು ವಿಷಯ, ಆ ತಿಂಗಳು ಆಡಳಿತದವರು ಮೂರು ಮಂದಿ ದಿನಗೂಲಿಯವರನ್ನು ಖಾಯಂ ಮಾಡಲು ಪಟ್ಟಿ ಮಾಡಿದ್ದರು. ಅದರಲ್ಲಿ ನನ್ನ ಹೆಸರಿತ್ತು. ಪ್ರಿನ್ಸಿಪಾಲರೇ ಕರೆದು ಹೇಳಿದ್ದರು.

ಪರೀಕ್ಷೆಗೆ ಎಂಟು ದಿನವಿರುವಾಗ ಹೊಸ ಜಾಡಿಗಳು ಬಂದವು. ಎಲ್ಲಕ್ಕೂ ಒಂದೇ ಥರದ ಬಿಳಿ ಮುಚ್ಚಳ. ಹಳೆಯವು ಸೋರಿ ಲ್ಯಾಬಿನಲ್ಲಿ ಕಣ್ಣು ಬಿಡಲು ಆಗುತ್ತಿರಲಿಲ್ಲ. ಹೊರಗಿನಿಂದ ಪರೀಕ್ಷೆ ಮಾಡುವವರು ಬರುತ್ತಾರೆ, ಎಲ್ಲ ಬದಲಾಯಿಸು ಎಂದರು ಪ್ರಿನ್ಸಿಪಾಲರು. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಎರಡು ದಿನ ಆ ಕೆಲಸ ಮಾಡಿದೆ. ದೊಡ್ಡ ಜಾಡಿ ಕೆಳಗೆ, ಚಿಕ್ಕವು ಮೇಲೆ ಜೋಡಿಸಿದೆ. ಮುಗಿದ ಮೇಲೆ ಮೇಷ್ಟ್ರ ಹತ್ತಿರ ಹೋಗಿ ಹೇಳಿದೆ.

"ಸಾ, ಬಾಟ್ಲು ಬದ್ಲಾಗವೆ, ಸಾಲೂ ಬದ್ಲಾಗದೆ. ಒಂದ್ಸಲ ಬಂದು ನೋಡ್ಬುಡಿ. ಮಕ್ಕಳ್ಗೂ ತೋರ್ಸ್ಬುಡಿ."

"ಆಯ್ತಾಯ್ತು. ಹೋಗು, ವರಾಂಡ ಒರೆಸು."

"ಲೇಬಲ್ಲಾದ್ರೂ ಬರ್ಕೊಡಿ ಸಾ, ಅಂಟುಸ್ಬುಡ್ತೀನಿ."

"ಕೆಲಸ ಇದೆ ಕಣಮ್ಮ. ನೀಲಿ ಪುಸ್ತಕ ಮರುಮುದ್ರಣ."

ಎಂಟು ದಿನದಲ್ಲಿ ಅವರು ಆ ಕಪಾಟಿನ ಬಾಗಿಲು ತೆಗೆಯಲಿಲ್ಲ. ಪರೀಕ್ಷೆಯ ಬೆಳಿಗ್ಗೆ ಬಂದು ತೆಗೆದರು. ತೆಗೆದವರು ಹಾಗೇ ನಿಂತುಬಿಟ್ಟರು. ಮುಚ್ಚಳವೆಲ್ಲ ಬಿಳಿ. ನಾನು ಬಾಗಿಲಲ್ಲೇ ಇದ್ದೆ. ಕೇಳಿದ್ದರೆ ಅರ್ಧ ಗಳಿಗೆಯಲ್ಲಿ ಎಲ್ಲ ಹೇಳುತ್ತಿದ್ದೆ. ಕೇಳಲಿಲ್ಲ. ಮೊದಲು ಕಪಾಟಿನಲ್ಲಿ ಯಾವ ಸಾಲಿನಲ್ಲಿ ಯಾವುದಿತ್ತೋ ಅದನ್ನೇ ನೆನಪು ಮಾಡಿಕೊಂಡು, ಕ್ಯಾಪು ತೋರಿಸಿ ಹತ್ತು ಜಾಡಿ ನನ್ನ ಕೈಲಿ ಇಳಿಸಿದರು. ಚೀಟಿಯಲ್ಲಿ ಉತ್ತರ ಬರೆದುಕೊಂಡರು. ವರಾಂಡದಲ್ಲಿ ನಿಂತಿದ್ದ ಮಕ್ಕಳಿಗೆ ಮೆಲ್ಲಗೆ, "ಎಡಗಡೆಯಿಂದ ನೀಲಿ ಪುಸ್ತಕದಲ್ಲಿರೋ ಸಾಲೇ" ಎಂದು ಹೇಳಿ ಒಳಗೆ ಬಂದರು.

ಪರೀಕ್ಷೆ ಮಾಡಲು ಬಂದಿದ್ದವರು ಮೈಸೂರಿನ ಒಬ್ಬ ಮೇಡಮ್ಮು. ತೆಳ್ಳಗಿನ ಹೆಂಗಸು, ಕನ್ನಡಕ ಮೂಗಿನ ತುದಿಗೆ ಬಂದಿರುತ್ತಿತ್ತು. ಮಕ್ಕಳು ಬರೆದು ಕೊಟ್ಟದ್ದನ್ನು ನೋಡುತ್ತ ನೋಡುತ್ತ ಎದ್ದು ಹೋಗಿ ಒಂದೊಂದು ಜಾಡಿಯನ್ನೂ ಬೆಳಕಿಗೆ ಹಿಡಿದರು. ಮತ್ತೆ ಬಂದು ಪೇಪರು ನೋಡಿದರು. ಒಟ್ಟು ಮೂವತ್ತೆರಡು ಮಕ್ಕಳು. ಮೂವತ್ತೊಂದು ಜನ ಜಂತುಹುಳವನ್ನು ಎರೆಹುಳು ಎಂದು, ಜರಿಯನ್ನು ಜಿಗಣೆ ಎಂದು, ಹಾವುಮೀನನ್ನು ವಿಷದ ಹಾವು ಎಂದು ಬರೆದಿದ್ದರು. ಜರಿಗೆ ಅಷ್ಟೊಂದು ಕಾಲು ಕಾಣುತ್ತಿದೆ, ಜಿಗಣೆಗೆ ಕಾಲೆಲ್ಲಿಂದ ಬರಬೇಕು? ಆಮೇಲೆ ಒಬ್ಬ ಹುಡುಗನನ್ನು ಕೇಳಿದೆ. "ನಂಗೂ ಡೌಟ್ ಬಂತು ಅಜ್ಜಿ. ಆದ್ರೆ ಸಾರ್ ಎಡಗಡೆಯಿಂದ ಅಂದಿದ್ರಲ್ಲ" ಎಂದ. ಸರಿಯಾಗಿ ಬರೆದವಳು ನನ್ನ ಮೊಮ್ಮಗಳೊಬ್ಬಳೇ. ಮೇಷ್ಟ್ರ ಚೀಟಿಯ ಪ್ರಕಾರ ಅವಳಿಗೆ ಸೊನ್ನೆ.

ಮೇಡಮ್ಮು ಗಟ್ಟಿಯಾಗಿ ಮಾತಾಡುವವರಲ್ಲ. "ಸಾರ್, ಒಂದಿಬ್ಬರು ತಪ್ಪು ಬರೆದ್ರೆ ತಪ್ಪು ಅನ್ಬೋದು. ಮೂವತ್ತೊಂದು ಜನ ಒಂದೇ ತಪ್ಪನ್ನ ಒಂದೇ ಸಾಲಲ್ಲಿ ಬರೆದ್ರೆ ಏನನ್ಬೇಕು? ನಿಮ್ಮ ಚೀಟೀಲೂ ಅದೇ ಇದೆ. ನಾನು ರಿಪೋರ್ಟ್ ಹಾಕ್ಲೇಬೇಕು. ಇಡೀ ಬ್ಯಾಚಿನ ಪ್ರಾಕ್ಟಿಕಲ್ ನಿಲ್ಲುತ್ತೆ."

ಆಗ ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು. ಪೆನ್ನಿನ ಕ್ಯಾಪೂ ಅಲ್ಲ, ಬೆರಳು. "ಮೇಡಂ, ಈಯಮ್ಮ ಜಾಡಿ ಬದಲಾಯಿಸುವಾಗ ಎಲ್ಲ ಅದಲುಬದಲು ಮಾಡಿಟ್ಟಿದ್ದಾಳೆ. ಅಕ್ಷರ ಬಾರದವಳು. ಮಕ್ಕಳು ಒಂದು ವಾರದಿಂದ ತಪ್ಪನ್ನೇ ನೋಡಿ ಕಲ್ತಿದ್ದಾರೆ."

ಮೇಡಮ್ಮು ನನ್ನನ್ನೂ ನೋಡಿದರು, ಅವರನ್ನೂ ನೋಡಿದರು. "ಹಾಗಿದ್ರೆ ಬರ್ಕೊಡ್ಲಿ. ಲ್ಯಾಬಿನ ತಪ್ಪು ಅಂತಾದ್ರೆ ಇವತ್ತು ಮೂರು ಗಂಟೆಗೆ ಇದೊಂದನ್ನ ಮತ್ತೆ ನಡೆಸಬಹುದು. ಇಲ್ಲಾಂದ್ರೆ ರಿಪೋರ್ಟು."

ಕಾಲು ಗಂಟೆಯಲ್ಲಿ ಮೇಷ್ಟ್ರು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡು ಒಳಗಿನ ರೂಮಿಗೆ ಬಂದರು. ನನ್ನ ಅಜಾಗರೂಕತೆಯಿಂದ ಎಂದು ಶುರುವಾಗಿತ್ತು. ಮೊಮ್ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು.

"ಇಲ್ಲೊಂದು ಸೈನ್ ಮಾಡಮ್ಮ."

"ಬಾಟ್ಲು ಬದ್ಲಾಯ್ಸಿದ್ದು ನಾನು. ನಿಮ್ಗೆ ಏಳಿದ್ದೂ ನಾನು. ನೋಡ್ದೇ ಇದ್ದದ್ದು ಯಾರು ಸಾ?"

"ಈಗ ಅದೆಲ್ಲ ಯಾಕೆ? ಮಕ್ಕಳ ಭವಿಷ್ಯ ಅಲ್ವಾ?"

"ಈ ಪೇಪರು ಫೈಲಿಗೆ ಸೇರ್ಕಂಡ್ರೆ ನನ್ ಖಾಯಂ ಗತಿ ಏನು?"

"ಅದನ್ನೆಲ್ಲ ಪ್ರಿನ್ಸಿಪಾಲ್ರು ನೋಡ್ಕೋತಾರೆ. ನಿನ್ನ ಮೊಮ್ಮಗಳೂ ಇದೇ ಬ್ಯಾಚಲ್ವಾ?"

ಅವಳು ಬಾಯಿ ಹಾಕಿದಳು. "ಅಜ್ಜಿ, ಆಕ್ಬೇಡ ಕನಜ್ಜಿ. ನಾ ಸರಿಯಾಗೇ ಬರ್ದಿವ್ನಿ. ರಿಪೋರ್ಟಾದ್ರೂ ಆಗ್ಲಿ, ಗೊತ್ತಾಗ್ಲಿ ಎಲ್ಲಾರ್ಗೂವೆ."

ಮೇಷ್ಟ್ರು ಅವಳನ್ನು ನೋಡಿ, "ನಿನ್ನ ನಂಬರೆಷ್ಟು?" ಎಂದರು. ಮೂರು ವರ್ಷ ಪಾಠ ಹೇಳಿಸಿಕೊಂಡವಳು, ನನ್ನ ಮೊಮ್ಮಗಳು. ಅವಳ ಮುಖವೂ ಅವರಿಗೆ ಒಂದು ಜಾಡಿಯೇ.

ನಾನು ಪೇಪರನ್ನು ಅವರ ಮುಂದಕ್ಕೆ ನೂಕಿ ಹೊರಗೆ ಬಂದೆ. ವರಾಂಡದ ತುಂಬ ಮಕ್ಕಳು ನೆಲದ ಮೇಲೆ ಕೂತಿದ್ದರು. ಮುಡುಕುತೊರೆಯ ಕಡೆಯಿಂದ ಬರುತ್ತಿದ್ದ ಒಬ್ಬಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವಳು ನನಗೆ ಗೊತ್ತು. ಬೆಳಗ್ಗೆ ಮುಂಚೆ ಬಂದು ನನ್ನ ಕೈಲಿ ಬಾಗಿಲು ತೆಗೆಸಿಕೊಂಡು ಓದುತ್ತಿದ್ದವಳು. ಮುಟ್ಟಿದೆ. ತಿರುಗಿದಳು.

"ನಮ್ಮಪ್ಪ ಈ ಸಲ ಪಾಸಾಗ್ನಿಲ್ಲ ಅಂದ್ರೆ ಸಾಕು ಬುಡು ಅಂದವ್ರೆ ಅಜ್ಜಿ. ಗಂಡಿನ ಕಡೇವ್ರಿಗೂ ಏಳ್ಬುಟ್ಟವ್ರೆ."

"ಜರಿಗೂ ಜಿಗಣೆಗೂ ಯತ್ವಾಸ ಗೊತ್ತಿಲ್ವೇನವ್ವ ನಿಂಗೆ? ಗದ್ದೇಲಿ ನಾಟಿ ಆಕ್ದೋಳು."

"ಗೊತ್ತು ಅಜ್ಜಿ. ಬರೀವಾಗ ಗೊತ್ತಾಗ್ನಿಲ್ಲ."

ನನಗೆ ಸಿಟ್ಟು ಬಂತು, ಅವಳ ಮೇಲೂ ಬಂತು. ಒಳಗೆ ಹೋಗಿ ಸೈನ್ ಹಾಕಿದೆ. ಮೇಷ್ಟ್ರು ಪೇಪರನ್ನು ಎತ್ತಿ ಹಿಡಿದು ನೋಡಿ, "ಸೈನ್ ನೆಟ್ಟಗೆ ಹಾಕೋಕೂ ಬರೋದಿಲ್ಲ" ಎಂದರು. ಆಮೇಲೆ ಚೀಟಿ ತೆಗೆದು, ಪೆನ್ನಿನ ಕ್ಯಾಪು ಬಿಚ್ಚಿ, "ಈಗ ಹೇಳು, ಮೇಜಿನ ಮೇಲೆ ಎಡಗಡೆಯಿಂದ ಯಾವ್ಯಾವುದಿದೆ?" ಎಂದರು.

ಹೇಳಿದೆ. ಬರೆದುಕೊಂಡರು. ಒಂದು ಜಾಡಿಯ ಹತ್ತಿರವೂ ಹೋಗಲಿಲ್ಲ. ವರಾಂಡಕ್ಕೆ ಹೋಗಿ ಚಪ್ಪಾಳೆ ತಟ್ಟಿ, "ಎಲ್ಲ ಕೇಳ್ಕೊಳ್ಳಿ, ಎಡಗಡೆಯಿಂದ" ಎಂದು ಶುರು ಮಾಡಿದರು. ನನ್ನ ಖಾಯಂ ಕೆಲಸ ಕೊಟ್ಟು ಆ ಮಕ್ಕಳಿಗೆ ನಾನು ಕೊಡಿಸಿದ್ದು ಇನ್ನೊಂದು ಎಡಗಡೆಯಿಂದ!

ಅವರು ಊಟಕ್ಕೆ ಹೋದರು. ಮೇಡಮ್ಮು ಪ್ರಿನ್ಸಿಪಾಲರ ರೂಮಿನಲ್ಲಿ ಕೂತಿದ್ದರು. ನಾನು ಹತ್ತು ಜಾಡಿಯನ್ನೂ ದೊಡ್ಡ ತಟ್ಟೆಯಲ್ಲಿಟ್ಟುಕೊಂಡು ಹಿಂದಿನ ನಲ್ಲಿಕಟ್ಟೆಗೆ ತಂದು ಮಕ್ಕಳನ್ನು ಕರೆದೆ.

"ಬನ್ರಪ್ಪ, ಬನ್ರವ್ವ, ಹತ್ರಕ್ಕೆ ಬನ್ನಿ. ಇದ ನೋಡಿ. ಮೈ ತುಂಬ ಉಂಗ್ರ, ಕತ್ತಿನ ತಾವ ಪಟ್ಟಿ ಕಟ್ದಂಗದೆ. ಗಾಳಕ್ಕೆ ಸಿಗಾಕ್ತಾರಲ್ಲ, ಅದೇಯ, ಎರೆಹುಳ. ಇದು ನುಣ್ಗದೆ, ಎಲ್ಡು ತುದೀನೂ ಚೂಪು. ಮಕ್ಕಳ ಒಟ್ಟೇಲಿ ಇರೋದು. ನಿಮ್ಮವ್ವಂದಿರ್ನ ಕೇಳಿ, ನಿಮ್ಮ ಒಟ್ಟೇಲೂ ಇತ್ತು."

"ಥೂ ಅಜ್ಜಿ!"

"ಥೂ ಅನ್ಬೇಡ, ನೋಡ್ಲಾ. ಇದು ಹಾವಲ್ಲ. ಕಿವಿ ತಾವ ಕಿವಿರು ಅದೆ, ಬೆನ್ನುದ್ದಕ್ಕೂ ರೆಕ್ಕೆ ಬಂದದೆ. ಹಾವಿಗೆ ರೆಕ್ಕೆ ಎಲ್ಲಾದ್ರೂ ಕಂಡಿದ್ದೀಯಾ?"

ಮೊದಮೊದಲು ಮೂಗು ಮುಚ್ಚಿಕೊಂಡವರು ಆಮೇಲೆ ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಮುಡುಕುತೊರೆಯವಳು ಜಿಗಣೆಯ ಜಾಡಿಯನ್ನು ಬಿಸಿಲಿಗೆ ಹಿಡಿದು, "ಇದ್ಕೆ ಎಲ್ಡು ಕಡೇಲೂ ಬಾಯಿ ಇದ್ದಂಗದೆ" ಎಂದಳು. ಅವಳಿಗೆ ಅಷ್ಟು ಸಾಕಾಗಿತ್ತು.

ಜಾಡಿಗಳನ್ನು ಮೇಜಿಗೆ ವಾಪಸ್ ಇಡುವಾಗ ಸಾಲು ಕೆಡಿಸಿದೆ. ಬೇಕೆಂದೇ ಕೆಡಿಸಿದೆ. ಅದಲುಬದಲು ಮಾಡಿದವಳು ಎಂದು ಸೈನ್ ಹಾಕಿಕೊಟ್ಟಾಗಿತ್ತು, ಮಾಡದೆ ಬಿಡುವುದೇಕೆ? ಮಕ್ಕಳಿಗೂ ಹೇಳಿದೆ, "ಸಾಲು ಕೆಡ್ಸಿವ್ನಿ. ಒಳಗ ನೋಡಿ ಬರೀರಿ." ಮೇಡಮ್ಮು ಬಾಗಿಲಲ್ಲಿ ಬಂದು ನಿಂತದ್ದನ್ನು ನಾನು ಆಮೇಲೆ ನೋಡಿದೆ. ಒಳಗೆ ಬಂದು ಜಾಡಿಗೆ ಅಂಟಿಸುವ ನಂಬರಿನ ಚೀಟಿಗಳನ್ನು ನನ್ನ ಕೈಗೆ ಕೊಟ್ಟರು.

ಮೂರು ಗಂಟೆಗೆ ಮಕ್ಕಳು ಬರೆದರು. ಮೇಷ್ಟ್ರು ಕೈಯಲ್ಲಿ ಚೀಟಿ ಹಿಡಿದು ನಿಂತಿದ್ದರು. ಎಲ್ಲ ಮುಗಿದ ಮೇಲೆ ಮೇಡಮ್ಮು ಕೇಳಿದರು. "ಸಾರ್, ನಾನು ಬರ್ಕೋತೀನಿ, ನೀವು ಹೇಳ್ತಾ ಹೋಗಿ. ಮೂರನೇದು ಯಾವುದು?"

ಮೇಷ್ಟ್ರು ಚೀಟಿ ನೋಡಿ, "ಜಿಗಣೆ" ಎಂದರು.

ಮೂರನೆಯದು ಹಾವುಮೀನು. ಒಂದು ಮೊಳ ಉದ್ದ, ಜಾಡಿಯಲ್ಲಿ ಎರಡು ಸುತ್ತು ಸುತ್ತಿಕೊಂಡು ಕೂತಿತ್ತು. ಯಾರೂ ನಗಲಿಲ್ಲ. ಮೇಡಮ್ಮು ಅವರ ಕೈಯಿಂದ ಚೀಟಿಯನ್ನು ಮೆಲ್ಲಗೆ ತೆಗೆದುಕೊಂಡು ಮಡಿಸಿ ಮೇಜಿನ ಮೇಲಿಟ್ಟು, ತಾವೇ ಎದ್ದು ಹೋಗಿ ಒಂದೊಂದನ್ನೂ ನೋಡಿ ಬರೆದುಕೊಂಡರು. ಎಲ್ಲರಿಗೂ ಹತ್ತಕ್ಕೆ ಹತ್ತು ಬರಲಿಲ್ಲ. ಫೇಲೂ ಯಾರೂ ಆಗಲಿಲ್ಲ.

ಮೇಷ್ಟ್ರಿಗೆ ಏನೂ ಆಗಲಿಲ್ಲ. ಫೈಲಿನಲ್ಲಿ ಇದ್ದದ್ದು ನನ್ನ ಸೈನು. ಖಾಯಂ ಪಟ್ಟಿ ಬಂದಾಗ ಅದರಲ್ಲಿ ಎರಡೇ ಹೆಸರಿತ್ತು.

ಅವತ್ತು ಸಾಯಂಕಾಲ ಮೊಮ್ಮಗಳು ಮನೆಯ ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಬಾಗಿಲ ಹತ್ತಿರ ನಿಂತು ತಿರುಗಿದಳು. "ನಾ ನಿಜ ಬರ್ದಿದ್ದೆ. ನೀ ಸುಳ್ಳಿಗೆ ಸೈನ್ ಆಕ್ದೆ."

"ಊಂ, ಆಕ್ದೆ. ಬಾಗ್ಲು ತಗಿ, ಮುದ್ದೆಗೆ ಇಟ್ಟು ಕೂಡ್ಬೇಕು" ಎಂದೆ.

ಮರುದಿನ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಯುವಷ್ಟರಲ್ಲಿ ಮೇಷ್ಟ್ರು ಬಂದಿದ್ದರು. ಕರ್ಚೀಫು ಹಾಸಿ ಕೂತರು. ಬ್ಯಾಗಿನಿಂದ ಒಂದು ಹಾಳೆ ಲೇಬಲ್ಲುಗಳನ್ನು ತೆಗೆದು ಮೇಜಿನ ಮೇಲಿಟ್ಟರು.

"ಎಲ್ಲ ಜಾಡಿಗೂ ಅಂಟಿಸ್ಬಿಡು."

"ಬರ್ಕೊಡಿ ಸಾ."

ಕಪಾಟಿನ ಕಡೆ ನೋಡಿದರು. ಬಿಳಿ ಮುಚ್ಚಳಗಳು ಮೂರು ಸಾಲು ಕೂತಿದ್ದವು. ಎದ್ದು ಹೋಗಿ ಒಂದು ಜಾಡಿ ಎತ್ತಿ ಬೆಳಕಿಗೆ ಹಿಡಿಯುತ್ತಾರೇನೋ ಎಂದು ನಾನೂ ನೋಡಿದೆ. ಏಳಲಿಲ್ಲ. ಜೇಬಿನ ಪೆನ್ನು ತೆಗೆದು, ಕ್ಯಾಪು ತಮ್ಮ ಹತ್ತಿರವೇ ಇಟ್ಟುಕೊಂಡು, ಪೆನ್ನನ್ನು ಮಾತ್ರ ನನ್ನ ಕಡೆ ತಳ್ಳಿದರು.

ನಾನೇ ಬರೆದೆ. ಎರೆಹುಳ, ಜಂತುಹುಳ, ಜಿಗಣೆ, ಜರಿ, ಹಾವುಮೀನು. ನಾಲ್ಕನೇ ಕ್ಲಾಸಿನ ಅಕ್ಷರ, ಒಂದು ದಪ್ಪ, ಒಂದು ಸಣ್ಣ. ಒಂದೊಂದಾಗಿ ಅಂಟಿಸಿದೆ. ರಿಟೈರಾಗುವ ತನಕ ಮೇಷ್ಟ್ರು ಅದನ್ನೇ ಓದಿಕೊಂಡು ಪಾಠ ಹೇಳಿದರು.